ಕೊಕ್ಕಿಲ್ಲದ ಗಿಳಿ

ಇವತ್ತು ಬೆಳಿಗ್ಗೆ ಚಹಾ ಕುಡಿಯುತ್ತಿದ್ದಾಗ ಅಣ್ಣನ ಮಗಳು ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದಳು. ಬಿಳಿಯ ಮೇಲೆ ಕರಿ ಕಲೆಗಳು, ಅಷ್ಟೇ. ಯಾರೋ ಮಸಿ ಚೆಲ್ಲಿದ್ದಾರೆ ಎಂದೆ. "ಆಕಳ ಐತಿ ನೋಡ್ರಿ, ಕಾಕಾ," ಅಂದಳು. ಅಂದದ್ದೇ ತಡ, ಆಕಳು ಕಣ್ಣು ಬಿಟ್ಟು ನನ್ನನ್ನೇ ನೋಡತೊಡಗಿತು. ಇನ್ನು ಏನು ಮಾಡಿದರೂ ಅದು ಮತ್ತೆ ಮಸಿಯಾಗಲೊಲ್ಲದು.

ಅವಳು ಮೆದುಳಿನ ವಿಷಯ ಓದುತ್ತಾಳೆ. ಕಣ್ಣು ಕಳಿಸಿದ್ದನ್ನು ಮೆದುಳು ಹಾಗೆಯೇ ನಂಬಿಬಿಡುವುದಿಲ್ಲವಂತೆ. ನೋಟ ಮೊದಲು ಮುಟ್ಟುವ ಜಾಗಕ್ಕೆ ಮೇಲಿನ ಭಾಗಗಳಿಂದ ಮರಳಿ ಸುದ್ದಿ ಬರುತ್ತದಂತೆ: ಇದು ಆಕಳು, ಹಾಗೇ ನೋಡು. ಅಲ್ಲಿನ ನರಕೋಶಗಳು ಆ ಮಾತು ಕೇಳಿ ಕೆಲವು ಗೆರೆಗಳಿಗೆ ಚುರುಕಾಗುತ್ತವೆ, ಕೆಲವಕ್ಕೆ ತಣ್ಣಗಾಗುತ್ತವೆ. ನಮ್ಮ ಮನೆಯಲ್ಲಿ ಹಿರಿಯರು ಮಾತು ನಡೆಸಿದ ಹಾಗೆ ಎಂದೆ. ಅವಳು ನಗಲಿಲ್ಲ.

ನನಗೆ ನೆನಪಾದವನು ರಬಕವಿಯ ಸೋದರಮಾವ. ಕೈಮಗ್ಗದವನು. ಅವರ ಓಣಿಯಲ್ಲಿ ಒಂದು ರೂಢಿ ಇತ್ತು: ತಾನು ನೇಯ್ದ ಸೀರೆಯ ತಪ್ಪನ್ನು ತಾನೇ ಹುಡುಕಬಾರದು. ನೇಯ್ದವನ ಕಣ್ಣಿಗೆ ನೇಯಬೇಕೆಂದುಕೊಂಡದ್ದೇ ಕಾಣುತ್ತದೆ. ಹಾಗಾಗಿ ಮಾವನ ಸೀರೆಯನ್ನು ಪಕ್ಕದ ಮನೆಯ ಈರಪ್ಪ ನೋಡುವುದು, ಈರಪ್ಪನದನ್ನು ಮಾವ. ಒಮ್ಮೆ ಮಹಾಲಿಂಗಪುರದ ವ್ಯಾಪಾರಿಯ ಎದುರೇ ಈರಪ್ಪ ಮಾವನ ಸೀರೆಯ ತಪ್ಪು ಎತ್ತಿ ತೋರಿಸಿದ. ಅಂದಿನಿಂದ ಇಬ್ಬರಿಗೂ ಮಾತು ಬಂದ್.

ಆಗಲೇ ಮಾವನ ಮಗಳು ಗೌರಿಗೆ ಮುಧೋಳದ ಹುಡುಗ ಗೊತ್ತಾದ. ನಿಶ್ಚಯದ ಸೀರೆಯನ್ನು ಮಾವನೇ ನೇಯ್ದ. ಸೆರಗಿನ ತುಂಬ ಗಿಳಿಗಳು, ಒಂದೊಂದಕ್ಕೂ ಕೈಯಿಂದಲೇ ಸೇರಿಸಿದ ಬೇರೆ ನೂಲು. ಗೌರಿಯನ್ನು ಹೆಗಲ ಮೇಲೆ ಹೊತ್ತು ಆಡಿಸಿದವನು ಈರಪ್ಪ. "ಈರಪ್ಪ ಕಾಕಾ ಬರದಿದ್ರ ನಾ ನಿಶ್ಚಯದ ಮಣಿ ಮ್ಯಾಲ ಕುಂದ್ರಂಗಿಲ್ಲ," ಎಂದಳು ಹುಡುಗಿ.

"ಅವನ ಹೊಸ್ತಿಲಾ ನಾ ತುಳಿಯಂಗಿಲ್ಲ," ಎಂದ ಮಾವ.

ಸೀರೆಯನ್ನು ರೂಢಿ ಮುರಿದು ತಾನೇ ನೋಡಿದ. ತಪ್ಪಿಲ್ಲ. ನಮಗೆಲ್ಲ ತೋರಿಸಿದ. ತೋರಿಸುವಾಗ ಸುಮ್ಮನಿರಬೇಕಲ್ಲ? "ಕೊಕ್ಕ ನೋಡ್ರೀ, ಕೆಂಪಗ ಹೆಂಗ ಮಿಂಚಾಕತ್ತಾವ!" ನಾವೆಲ್ಲ ಕೊಕ್ಕು ನೋಡಿದೆವು, ಇಲ್ಲದ ಕೊಕ್ಕನ್ನೂ ನೋಡಿದೆವು. ನಾನಂತೂ ಕನ್ನಡಕ ಒರೆಸಿಕೊಂಡು ಹೊಗಳಿದೆ.

ಗೌರಿ ಸೀರೆಯನ್ನು ಎರಡು ಮನೆಗಳ ನಡುವಿನ ಮೋಟುಗೋಡೆಯ ಮೇಲೆ ಗಾಳಿಗೆಂದು ಹರವಿದಳು, ಸೆರಗು ಈರಪ್ಪನ ಕಡೆಗೆ. ಆಚೆ ಮಗ್ಗದ ಸದ್ದು ನಿಂತಿತು. ಆಮೇಲೆ ಈರಪ್ಪ ತನ್ನ ಆಡಿನ ಜೊತೆ ಮಾತಾಡುವುದು ಕೇಳಿಸಿತು.

"ಏ ಕರಿ, ಕೊಕ್ಕಿಲ್ಲದ ಗಿಳಿ ಮೆಣಸಿನಕಾಯಿ ಹೆಂಗ ತಿಂತೈತಿ ಅಂತ ಅವಂಗ ಕೇಳ."

ಮಾವ ಅದೇ ಆಡಿಗೆ ಉತ್ತರ ಕೊಟ್ಟ: "ನಮ್ಮ ಗಿಳಿಗೆಲ್ಲಾ ಕೊಕ್ಕ ಅದಾವಂತ ಹೇಳ ಬೇ ಅವಂಗ!"

ಆಡು ಯಾರಿಗೂ ಏನೂ ಹೇಳಲಿಲ್ಲ. "ಕಡೀ ಸಾಲ, ಮೂಲ್ಯಾಗ," ಎಂದ ಈರಪ್ಪನೇ.

ಮಾವ ಬಗ್ಗಿ ನೋಡಿದ, ನಾವೂ ನೋಡಿದೆವು. ಮೂಲೆಯಲ್ಲಿ ಒಂದು ಗಿಳಿ ಬೋಳು ಮುಖ ಮಾಡಿಕೊಂಡು ಕೂತಿತ್ತು. ಆಮೇಲೆ ಇಡೀ ಸೆರಗಿನಲ್ಲಿ ಅದೊಂದೇ ಕಾಣತೊಡಗಿತು. ನನಗೆ ನಗು ಬಂತು, ಮಾವನ ಕಣ್ಣಲ್ಲಿ ನೀರು ನೋಡಿ ನಿಂತಿತು.

"ಈರ್ಯಾ," ಎಂದ ಅವನು, ಆಡನ್ನು ಬಿಟ್ಟು. "ನೀ ಇಲ್ಲಂದ್ರ ನನಗ ಕಣ್ಣ ಇಲ್ಲಲೇ."

ಈರಪ್ಪ ಸೂಜಿ, ಕೆಂಪು ರೇಷ್ಮೆ ಹಿಡಿದೇ ಗೋಡೆ ದಾಟಿ ಬಂದ. ನಿಶ್ಚಯದ ದಿನ ಮಾವ ಬೀಗರನ್ನು ಕರೆಕರೆದು ಆ ಒಂದು ಕೊಕ್ಕನ್ನೇ ತೋರಿಸಿದ: "ಇದು ನಮ್ಮ ಈರ್ಯಾನ ಕೈಕೆಲಸರೀ." ಗೌರಿಗೆ ನಾಚಿಕೆ, ಈರಪ್ಪನಿಗೆ ಅವಳಿಗಿಂತ ಹೆಚ್ಚು.

ಇಷ್ಟು ಬರೆದು ಮತ್ತೆ ಮತ್ತೆ ಓದಿದೆ. ಒಂದು ತಪ್ಪೂ ಕಾಣಲಿಲ್ಲ. ಆಗ ಹೆದರಿಕೆಯಾಯಿತು. ಜಮಖಂಡಿಯಲ್ಲಿ ನನಗೊಬ್ಬ ಗೆಳೆಯನಿದ್ದಾನೆ. ಹೋದ ವರ್ಷ ನನ್ನ ಬರಹವೊಂದನ್ನು ಅರ್ಧಕ್ಕೆ ಇಳಿಸು ಅಂದಿದ್ದಕ್ಕೆ ಅವನಿಗೆ ಫೋನು ಮಾಡುವುದನ್ನೇ ಬಿಟ್ಟಿದ್ದೆ. ಈಗ ನಾನೇ ಹಚ್ಚಿದೆ. ಅವನು ಹಲೋ ಕೂಡ ಅನ್ನಲಿಲ್ಲ.

"ಏನರ ಬರದೀಯೇನು? ಕಳಸ್ಲೇ," ಅಂದ. "ನಿನ್ನ ತಪ್ಪ ನೋಡದ ವರ್ಷಾತು."