ನಾನು ಬರೆದ ಎರಡು ಶಿಫಾರಸು ಪತ್ರಗಳು

ಜರ್ಮನಿಯಲ್ಲಿ ಈಗ ಎಷ್ಟು ಗಂಟೆ ಎಂದು ನನಗೆ ಸದಾ ಗೊತ್ತಿರುತ್ತದೆ. ಬೇಸಿಗೆಯಲ್ಲಿ ನಮಗಿಂತ ಮೂರೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ನಾಲ್ಕೂವರೆ. ಆ ದೇಶವನ್ನು ನಾನು ನೋಡಿಲ್ಲ. ಆದರೂ ಕೊಳ್ಳೇಗಾಲದ ನನ್ನ ಮನೆಯಲ್ಲಿ ಕಾಫಿ ಕುಡಿಯುತ್ತಾ, ಅವಳಿನ್ನೂ ಎದ್ದಿರಲಿಕ್ಕಿಲ್ಲ ಎಂದುಕೊಳ್ಳುತ್ತೇನೆ. ಮಧ್ಯಾಹ್ನ ಮೊಸರನ್ನ ಕಲಸುವಾಗ, ಈಗ ಲ್ಯಾಬಿಗೆ ಸೈಕಲ್ ತುಳಿಯುತ್ತಿರಬೇಕು ಎಂದುಕೊಳ್ಳುತ್ತೇನೆ. ಐವತ್ತೆರಡರ ಗಂಡಸು ಹೀಗೆ ಗಂಟೆ ಎಣಿಸುತ್ತಾನೆಂದರೆ ಜನ ಬೇರೆ ಏನೋ ತಿಳಿದಾರು. ಅಂಥದ್ದೇನಿಲ್ಲ. ಇದು ಶುದ್ಧ ಹೊಟ್ಟೆಕಿಚ್ಚು. ಅವಳು ನನ್ನ ಹಳೆಯ ವಿದ್ಯಾರ್ಥಿನಿ. ನಾನು ಹೋಗಬೇಕೆಂದಿದ್ದ ದೇಶದಲ್ಲಿ, ನಾನು ಓದಬೇಕೆಂದಿದ್ದ ವಿಷಯದಲ್ಲೇ ಎಂಎಸ್ ಮಾಡುತ್ತಿದ್ದಾಳೆ.

ನಾನು ಯಳಂದೂರಿನವನು, ಪಾಲಿಟೆಕ್ನಿಕ್ ಒಂದರಲ್ಲಿ ಮೆಕ್ಯಾನಿಕಲ್ ಮೇಷ್ಟ್ರು. ನಮ್ಮ ಕಡೆಯ ಒಂದು ರಿವಾಜನ್ನು ಇಲ್ಲಿ ಹೇಳಲೇಬೇಕು. ಚೆನ್ನಾಗಿರುವುದನ್ನು ಚೆನ್ನಾಗಿದೆ ಎಂದು ನಾವು ಬಾಯಿ ಬಿಟ್ಟು ಹೇಳುವುದಿಲ್ಲ, ದೃಷ್ಟಿಯಾಗುತ್ತದೆ. ಸತ್ತೇಗಾಲದ ನನ್ನ ಮಾವನ ಗದ್ದೆಯಲ್ಲಿ ಭತ್ತ ಎದೆಮಟ್ಟ ನಿಂತಿದ್ದರೂ, 'ಹೇಗಿದೆ ಬೆಳೆ?' ಎಂದರೆ ಅವರು ಆಕಾಶ ನೋಡಿ 'ಏನೋ, ಪರ್ವಾಗಿಲ್ಲ' ಎನ್ನುತ್ತಾರೆ. ಗುಂಡುಗುಂಡಗಿರುವ ಮಗುವನ್ನು ಕಂಕುಳಲ್ಲಿಟ್ಟುಕೊಂಡ ತಾಯಿ 'ಎಲ್ಲಿ, ಉಣ್ಣೋದೇ ಇಲ್ಲ' ಎಂದು ದೂರುತ್ತಾಳೆ. ಇಲ್ಲಿಯವರಿಗೆ ಇದೆಲ್ಲ ಅರ್ಥವಾಗುತ್ತದೆ. ಬೇರೆಯವರಿಗೆ ಆಗುವುದಿಲ್ಲ ಎಂಬುದು ನನಗೆ ಇಪ್ಪತ್ತೈದನೆಯ ವಯಸ್ಸಿನಲ್ಲಿ ತಿಳಿಯಿತು, ತಡವಾಗಿ.

ಆಗ ನಾನು ಜರ್ಮನಿಯ ಒಂದು ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದ್ದೆ. ಪ್ರೊಫೆಸರರಿಂದ ಶಿಫಾರಸು ಪತ್ರ ಬೇಕಿತ್ತು. ನಮ್ಮ ಪ್ರೊಫೆಸರು ಎಲ್ಲ ಪ್ರೊಫೆಸರರ ಹಾಗೆ 'ನೀನೇ ಬರ್ಕೊಂಡ್ ಬಾ, ಸೈನ್ ಹಾಕ್ತೀನಿ' ಎಂದರು. ನನ್ನ ಪಕ್ಕದ ಬೆಂಚಿನವನು ತನ್ನನ್ನು ಅಪರೂಪದ ಪ್ರತಿಭೆ ಎಂದು ಬರೆದುಕೊಂಡ. ನಾನು ಮೂರು ದಿನ ಪೆನ್ನು ಕಚ್ಚಿದೆ. ಹೊಗಳಿಕೊಳ್ಳಲು ನಾಚಿಕೆ, ಹೊಗಳಿಕೊಂಡರೆ ವಿಮಾನ ಬೀಳಬಹುದೆಂಬ ಹೆದರಿಕೆ ಬೇರೆ. ಕೊನೆಗೆ, ಈ ಹುಡುಗ ತರಗತಿಗೆ ತಪ್ಪದೆ ಬರುತ್ತಾನೆ, ವಿಧೇಯ, ನಡತೆ ಮತ್ತು ಓದು ತೃಪ್ತಿಕರ ಎಂದು ಬರೆದೆ. ಪ್ರೊಫೆಸರು ಓದದೆ ಸಹಿ ಹಾಕಿ, ಲಕೋಟೆ ಅಂಟಿಸಿ, ಅದರ ಮೇಲೂ ಒಂದು ಸಹಿ ಎಳೆದರು. ಪಕ್ಕದ ಬೆಂಚಿನವನು ಸೀಟು ಸಿಕ್ಕಿ ಹೋದ. ನನಗೆ ವಿನಯಪೂರ್ವಕವಾದ ಎರಡು ಸಾಲಿನ ನಿರಾಕರಣೆ ಬಂತು. ಯಾಕೆ ಎಂದು ನಾನು ಕೇಳಲಿಲ್ಲ. ಕೇಳಿದರೆ ಬೇಜಾರು ಮಾಡಿಕೊಂಡಾರು ಎನಿಸಿತು. ಆ ಪತ್ರದ ನಕಲನ್ನೂ ನಿರಾಕರಣೆಯನ್ನೂ ಒಂದೇ ಫೈಲಿನಲ್ಲಿಟ್ಟೆ. ಪ್ರತಿ ವರ್ಷ ಕೊನೆಯ ತರಗತಿಯಲ್ಲಿ ಈ ಕಥೆ ಹೇಳಿ ಮಕ್ಕಳನ್ನು ನಗಿಸುವುದು ನನ್ನ ಅಭ್ಯಾಸ.

ಹಾಗೆ ನಕ್ಕವರಲ್ಲಿ, ಈಗ ಜರ್ಮನಿಯಲ್ಲಿರುವ ಹೂಗ್ಯಂನ ಈ ಹುಡುಗಿಯೂ ಒಬ್ಬಳು. ಕಾಡಂಚಿನ ಊರಿನಿಂದ ಹನೂರಿಗೆ ಒಂದು ಬಸ್ಸು, ಅಲ್ಲಿಂದ ಕೊಳ್ಳೇಗಾಲಕ್ಕೆ ಇನ್ನೊಂದು ಬಸ್ಸು ಹಿಡಿದು ಡಿಪ್ಲೊಮಾ ಮುಗಿಸಿದಳು. ಆಮೇಲೆ ಮೈಸೂರಿನಲ್ಲಿ ಬಿಇ ಮಾಡಿ, ಎರಡು ವರ್ಷ ಕೆಲಸದಲ್ಲಿದ್ದಳು. ಒಂದು ಡಿಸೆಂಬರ್ ಬೆಳಿಗ್ಗೆ ಅಪ್ಪನೊಂದಿಗೆ ನನ್ನ ಮನೆ ಬಾಗಿಲಿಗೆ ಬಂದಳು. ಅಪ್ಪನ ಹೆಗಲ ಮೇಲೆ ಒಂದು ಚೀಲ ಅವರೆಕಾಯಿ.

"ಸಾ, ಜರ್ಮನಿಗೆ ಅಪ್ಲೈ ಮಾಡ್ತಿದೀನಿ, ಎಂಎಸ್‌ಗೆ. ಎರಡು ಶಿಫಾರಸು ಲೆಟರ್ ಕೇಳವ್ರೆ. ಒಂದು ಮೈಸೂರಲ್ಲಿ ಆಯ್ತು. ಲ್ಯಾಬ್ ಕೆಲಸ ನೋಡಿದೋರ್ದು ಇನ್ನೊಂದು ಬೇಕು."

ನನ್ನ ಹೊಟ್ಟೆಯೊಳಗೆ ಏನೋ ಹೊತ್ತಿಕೊಂಡಿತು. ನಗುಮುಖದಲ್ಲೇ ಹೇಳಿದೆ: "ಅದಕ್ಕೇನಮ್ಮ, ನೀನೇ ಬರ್ಕೊಂಡ್ ಬಾ, ಸೈನ್ ಹಾಕ್ತೀನಿ."

"ಬ್ಯಾಡ ಸಾ. ನಾನೇ ಬರ್ಕೊಂಡ್ರೆ ನಿಮ್ಮಂಗೇ ಬರ್ಕೊತೀನಿ. ನಿಮ್ ಕಥೆ ಮರೆತಿಲ್ಲ. ಅದ್ಕೇ ನಿಮ್ಮತ್ರ ಬಂದಿದ್ದು."

ಇಪ್ಪತ್ತು ಬ್ಯಾಚುಗಳನ್ನು ನಗಿಸಿದ್ದ ಕಥೆ ಮೊದಲ ಸಲ ನನಗೇ ಚುಚ್ಚಿತು. ಮಾತು ತೇಲಿಸಲು ಅವಳ ಅಪ್ಪನ ಕಡೆ ತಿರುಗಿ, "ಮಗಳು ಭಾರಿ ಜಾಣೆ ಕಣ್ರೀ" ಎಂದೆ.

ಅವರು ಗಾಬರಿಯಾದರು. "ಎಲ್ಲಿ ಸಾ ಜಾಣೆ! ದಡ್ ಕೂಸು. ಒಲೆ ಮುಂದ್ ಕುಂಡ್ರಿಸಿದ್ರೆ ಮುದ್ದೆ ಸೈತ ಗಂಟು. ಏನೋ ಮಾದಪ್ಪ ಕಣ್ ಬುಟ್ಟವ್ನೆ, ಪಾಸಾಯ್ತಾ ಅದೆ."

"ಅಪ್ಪಾ, ಸುಮ್ಕಿರು" ಎಂದಳು ಮಗಳು. "ಸಾ ಅದ್ನೇ ಬರ್ದುಬುಟ್ಟಾರು."

ಎಲ್ಲರೂ ನಕ್ಕೆವು. ಸೋಮವಾರದೊಳಗೆ ಪತ್ರ ಹೋಗಬೇಕಿತ್ತು, ಹೋಗದಿದ್ದರೆ ಅರ್ಜಿ ಅಷ್ಟಕ್ಕೇ ಮುಗಿಯಿತು. ಅಂದು ಗುರುವಾರ.

ಈ ಹೊಟ್ಟೆಕಿಚ್ಚು ಅಂದು ಹುಟ್ಟಿದ್ದಲ್ಲ. ಅದಕ್ಕೆ ಆರು ವರ್ಷ ವಯಸ್ಸಾಗಿತ್ತು. ನಮ್ಮ ಲ್ಯಾಬಿನಲ್ಲಿ ನೀರೆತ್ತುವ ಒಂದು ಪಂಪು ಇದೆ. ಮಕ್ಕಳು ಅದನ್ನು ಓಡಿಸಿ, ಎಷ್ಟು ನೀರು ಬಂತು, ಎಷ್ಟು ಶಕ್ತಿ ಹೋಯಿತು ಎಂದು ಅಳೆಯಬೇಕು. ಅವಳು ಡಿಪ್ಲೊಮಾ ಓದುವ ಹೊತ್ತಿಗೆ ಮೂರು ವರ್ಷದಿಂದ ಅದು ಸರಿಯಾಗಿ ನೀರೆತ್ತುತ್ತಿರಲಿಲ್ಲ. ನಾನು ಬಿಚ್ಚಿದೆ, ಜೋಡಿಸಿದೆ, ಮೋಟಾರು ಬದಲಿಸಿದೆ. ಕೊನೆಗೆ ಹಳೆಯ ರೆಕಾರ್ಡ್ ಪುಸ್ತಕದ ಅಂಕಿಗಳನ್ನೇ ಮಕ್ಕಳಿಗೆ ಬರೆಸತೊಡಗಿದೆ. ಈ ಹುಡುಗಿ ಬರೆಯಲಿಲ್ಲ. "ಸಾ, ಇಷ್ಟು ನೀರು ಬರ್ಲೇ ಇಲ್ವಲ್ಲ" ಎಂದಳು. ಮಾರನೆಯ ದಿನ ಊದುಬತ್ತಿ ಹಚ್ಚಿಕೊಂಡು ಬಂದಳು. 'ಪೂಜೇನಾ?' ಎಂದು ಎಲ್ಲರೂ ಗೇಲಿ ಮಾಡಿದರು. ಪಂಪು ಓಡುತ್ತಿರುವಾಗ ನೀರು ಹೀರುವ ಪೈಪಿನ ಒಂದೊಂದು ಕೂಡಿಕೆಯ ಹತ್ತಿರವೂ ಊದುಬತ್ತಿ ಹಿಡಿದಳು. ಮೂರನೆಯ ಕೂಡಿಕೆಯ ಹತ್ತಿರ ಹೊಗೆ ಮೇಲೇಳದೆ ಸರ್ರನೆ ಒಳಗೆ ಸೇರಿತು. ಅಲ್ಲಿ ಗಾಳಿ ಎಳೆಯುತ್ತಿತ್ತು, ಹಳೆಯ ವಾಷರು ಬಿರುಕು ಬಿಟ್ಟಿತ್ತು. ಮೂರು ವರ್ಷದ ರೋಗಕ್ಕೆ ಮೂರು ನಿಮಿಷದ ವೈದ್ಯ. ಪ್ರಿನ್ಸಿಪಾಲರು 'ಯಾರು ಕಂಡುಹಿಡಿದಿದ್ದು?' ಎಂದಾಗ ನಾನು 'ನಾವೇ ಸಾರ್' ಎಂದೆ. ಆ 'ನಾವು' ಎನ್ನುವುದರೊಳಗೆ ಅವಳು ಎಷ್ಟಿದ್ದಳೋ ದೇವರಿಗೇ ಗೊತ್ತು. ಅವಳು ಪಕ್ಕದಲ್ಲೇ ನಿಂತಿದ್ದಳು.

ಶನಿವಾರ ಫೋನಿನಲ್ಲೇ ಪತ್ರ ಬರೆದೆ. ತರಗತಿಗೆ ತಪ್ಪದೆ ಬರುತ್ತಿದ್ದಳು, ವಿಧೇಯಳು, ನಡತೆ ಮತ್ತು ಓದು ತೃಪ್ತಿಕರ. ಒಂದು ಸುಳ್ಳೂ ಇರಲಿಲ್ಲ. ಸೀಟು ಸಿಗದಿದ್ದರೆ ಯಾರೂ ನನ್ನತ್ತ ಬೆರಳು ತೋರಿಸುವಂತಿರಲಿಲ್ಲ. ನನ್ನ ಹೊಟ್ಟೆಕಿಚ್ಚಿಗೆ ನಮ್ಮೂರಿನ ವಿನಯವೇ ಮುಸುಕು ಹೊದಿಸಿತ್ತು. ಎದೆ ಹಗುರವಾಗಬೇಕಿತ್ತು, ಬದಲಿಗೆ ಹುಳಿ ತೇಗು ಬಂತು.

ಭಾನುವಾರ ಬೆಳಿಗ್ಗೆ ಹೆಂಡತಿ ಅವರೆಕಾಯಿ ಸುಲಿಯುತ್ತಾ ಕೇಳಿದಳು, "ಏನ್ರೀ ಅದು, ಮೂರು ದಿನದಿಂದ ಹೆರಿಗೆ ನೋವು ಬಂದೋರ ಥರ ಓಡಾಡ್ತಿದೀರಿ?"

ಫೋನನ್ನು ಅವಳ ಮುಂದೆ ಹಿಡಿದೆ. ಕನ್ನಡಕ ಏರಿಸಿ ಓದಿದಳು. "ಇದನ್ನ ಎಲ್ಲೋ ಓದಿದೀನಲ್ಲ" ಎಂದಳು. ಕೈ ಒರೆಸಿಕೊಂಡು ಎದ್ದು, ಬೀರುವಿನಿಂದ ನನ್ನ ಹಳೆಯ ಫೈಲು ತಂದು ತೊಡೆಯ ಮೇಲೆ ಬಿಚ್ಚಿದಳು. ಒಂದು ಕಡೆ ನನ್ನ ಪತ್ರ, ಇನ್ನೊಂದು ಕಡೆ ಫೋನಿನಲ್ಲಿ ಆ ಹುಡುಗಿಯ ಪತ್ರ. 'ಅವನು' ಇದ್ದಲ್ಲಿ 'ಅವಳು' ಬಂದಿತ್ತು, ಅಷ್ಟೇ.

"ಆಗ ಏನೋ, ಎಳೇ ವಯಸ್ಸು, ಗೊತ್ತಿರ್ಲಿಲ್ಲ" ಎಂದಳು. "ಈಗ ಗೊತ್ತಿದ್ದೂ ಬರೀತಿದೀರಲ್ರೀ. ಹೊಟ್ಟೆ ಉರೀತಿದ್ರೆ ಮಜ್ಜಿಗೆ ಕೊಡ್ತೀನಿ, ಕುಡೀರಿ. ಆ ಕೂಸಿನ ಮೇಲ್ಯಾಕೆ?"

ಮಜ್ಜಿಗೆ ಕುಡಿದೆ. ಅದು ಉರಿಯನ್ನು ಮುಟ್ಟಲೂ ಇಲ್ಲ.

ಮತ್ತೆ ಕೂತೆ. ಅವಳ ಬಗ್ಗೆ ನಿಜ ಬರೆಯಬೇಕೆಂದರೆ ಊದುಬತ್ತಿಯ ಕಥೆ ಬರೆಯಬೇಕು. ಅದನ್ನು ಬರೆಯಬೇಕೆಂದರೆ ಮೂರು ವರ್ಷ ನನಗೆ ಗೊತ್ತಾಗಲಿಲ್ಲ ಎಂದೂ ಬರೆಯಬೇಕು. ತರಗತಿಯಲ್ಲಿ ನನ್ನನ್ನೇ ಹಾಸ್ಯ ಮಾಡಿಕೊಳ್ಳುವುದು ಸುಲಭ, ಅಲ್ಲಿ ನಾನು ಸೋತವನಾದರೂ ಕಥೆ ನನ್ನದೇ. ಕಾಲೇಜಿನ ಲೆಟರ್‌ಹೆಡ್ಡಿನ ಮೇಲೆ ಆ ಅನುಕೂಲವಿಲ್ಲ. ಜರ್ಮನಿಯವರು ಪ್ರಿನ್ಸಿಪಾಲರಿಗೆ ಫೋನು ಮಾಡಿ ವಿಚಾರಿಸಿದರೆ? ಇನ್ಕ್ರಿಮೆಂಟ್ ನಿಂತರೆ? ಇಷ್ಟೆಲ್ಲ ಚಿಂತಿಸಿಯೂ ಬರೆದೆ: ನಾನು ಮೂರು ವರ್ಷ ಹುಡುಕಿ ಕಾಣದ್ದನ್ನು ಈ ವಿದ್ಯಾರ್ಥಿನಿ ಒಂದು ಊದುಬತ್ತಿಯಿಂದ ಕಂಡಳು, ನಾನು ಕೊಟ್ಟ ತಪ್ಪು ಅಂಕಿಗಳನ್ನು ಬರೆಯಲು ಒಪ್ಪಲಿಲ್ಲ, ನನಗಿಂತ ಒಳ್ಳೆಯ ಎಂಜಿನಿಯರು. ವಿಶ್ವವಿದ್ಯಾಲಯದ ಫಾರ್ಮಿನ ಕಡೆಯಲ್ಲಿ ಟಿಕ್ ಹಾಕುವ ಚೌಕಗಳಿದ್ದವು. ಬೆರಳು ತಾನಾಗಿ ಎರಡನೆಯ ಚೌಕಕ್ಕೆ ಹೋಯಿತು, 'ಉತ್ತಮ'ಕ್ಕೆ. ಅದನ್ನು ಎಳೆದುಕೊಂಡು ಹೋಗಿ ಮೊದಲನೆಯದರ ಮೇಲೆ, 'ಅತ್ಯುತ್ತಮ'ದ ಮೇಲೆ ಒತ್ತಿದೆ.

ಸೀಟು ಸಿಕ್ಕಿತು. ಅವಳ ಅಪ್ಪ ಹನೂರು ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕು, "ಏನೋ ಓಯ್ತದಂತೆ ಸಾ" ಎಂದರು, ಮಗಳು ಸಂತೆಗೆ ಹೋಗುತ್ತಾಳೆ ಎನ್ನುವ ಹಾಗೆ. ಕಣ್ಣು ಮಾತ್ರ ತುಂಬಿತ್ತು.

ಈಗ ಅವಳು ತಿಂಗಳಿಗೊಮ್ಮೆ ಫೋನು ಮಾಡುತ್ತಾಳೆ. ಅಡುಗೆಮನೆಯನ್ನು ಆರು ಜನ ಹಂಚಿಕೊಳ್ಳುವುದು, ರಾಗಿಹಿಟ್ಟು ಸಿಕ್ಕದೆ ಓಟ್ಸಿನಲ್ಲಿ ಮುದ್ದೆ ತಿರುವಿದ್ದು, ಭಾನುವಾರ ಅಂಗಡಿಯೆಲ್ಲ ಮುಚ್ಚಿರುವುದು, ವೀಸಾ ಆಫೀಸಿನ ಸಾಲು. ನಾನು 'ಹೌದಾ, ಹೌದಾ' ಎನ್ನುತ್ತಾ ಆ ಸಾಲಿನಲ್ಲಿ ನಿಲ್ಲಲೂ ಆಸೆಪಡುತ್ತೇನೆ. ಕಳೆದ ತಿಂಗಳು ಅವಳ ದನಿ ಕುಗ್ಗಿತ್ತು.

"ಸಾ, ಒಂದು ತಪ್ಪು ಮಾಡ್ಬುಟ್ಟೆ. ನಾಕು ಜನ ಸೇರಿ ಪ್ರಾಜೆಕ್ಟ್ ಮಾಡಿದ್ವಿ. ಅವರವರ ಕೆಲಸಕ್ಕೆ ಅವರವರೇ ಮಾರ್ಕ್ಸ್ ಹಾಕ್ಕೊಳಿ ಅಂದ್ರು. ಬೇರೆಯೋರೆಲ್ಲ ಒಂಬತ್ತು, ಹತ್ತು. ನಾನು ಆರು ಹಾಕ್ಕೊಂಡೆ. ಅರ್ಧ ಕೆಲ್ಸ ನಂದೇ ಸಾ. ಗ್ರೇಡು ಇಳೀತು."

ನಾಚಿಕೆಯಿಂದಲೇ ಒಪ್ಪಿಕೊಳ್ಳುತ್ತೇನೆ, ನನ್ನ ಹೊಟ್ಟೆ ತಣ್ಣಗಾಯಿತು. ಎಷ್ಟು ಮಜ್ಜಿಗೆಗೂ ಆಗದಷ್ಟು. ಕೊನೆಗೂ ನನ್ನಂಥವಳೇ ಎಂದುಕೊಂಡು, "ಹೋಗ್ಲಿ ಬಿಡಮ್ಮ, ಎಲ್ಲರಿಗೂ ಆಗುತ್ತೆ" ಎಂದೆ, ಬಹಳ ಉದಾರವಾಗಿ.

"ಬುಡೋದಾ? ಓಗಿ ಕೇಳಿದೆ ಸಾ. ನಮ್ಮೂರಲ್ಲಿ ಇಂಗೇ ಹೇಳೋದು, ನಾನು ಮಾಡಿದ್ದು ಇಷ್ಟು ಅಂತ ತೋರಿಸ್ದೆ. ಅವ್ರು ನಗಾಡಿ ತಿದ್ದಿಕೊಟ್ರು."

ಇಷ್ಟು ದಿನ ಅವಳ ದೇಶ, ಸೈಕಲ್ಲು, ಲ್ಯಾಬು ಎಂದು ಹೊಟ್ಟೆ ಉರಿಸಿಕೊಂಡಿದ್ದೆ. ನಿಜವಾಗಿ ಉರಿಯಬೇಕಾದದ್ದು ಇದಕ್ಕೆ. ಎದ್ದು ಹೋಗಿ ಕೇಳಿದಳಲ್ಲ. ಇಪ್ಪತ್ತೇಳು ವರ್ಷದ ಹಿಂದೆ 'ಯಾಕೆ' ಎಂದು ಕೇಳುವುದು ನನಗೆ ಒಂದೇ ಅಂಚೆಚೀಟಿಯ ಕೆಲಸವಾಗಿತ್ತು.

"ಸಾ? ಇದೀರಾ?"

"ಇದೀನಮ್ಮ" ಎಂದೆ. 'ಪರವಾಗಿಲ್ಲ ಕಣೆ' ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು, "ಬಹಳ ಒಳ್ಳೇ ಕೆಲಸ ಮಾಡ್ದೆ" ಎಂದೆ. ಫೋನಿಟ್ಟ ಮೇಲೆ ಹೆಂಡತಿಯನ್ನು ಕರೆದು, ಉಪ್ಪು ಮೆಣಸಿನಕಾಯಿ ತೆಗೆದುಕೊಂಡು ಬಾ, ಆ ಕೂಸಿನ ಹೆಸರು ಹೇಳಿ ನಿವಾಳಿಸಿಬಿಡು ಎಂದೆ.

"ಯಾರ ದೃಷ್ಟಿ ತಾಗಿದೆಯಂತೆ?" ಎಂದಳು.

ಯಾರದೆಂದು ಅವಳಿಗೆ ಗೊತ್ತಿತ್ತು. ಎರಡು ಮೆಣಸಿನಕಾಯಿ ಜಾಸ್ತಿಯೇ ತಂದಿದ್ದಳು.