ಹುಳುಮನೆಗೆ ಕಂಪ್ಯೂಟರ್ ಫ್ಯಾನು

ಸಾದಲಿಯ ಹರಿಕೃಷ್ಣನಿಗೆ ತಾನು ಕಂಪ್ಯೂಟರ್ ಬಲ್ಲವನೆಂಬ ಸೊಕ್ಕು ಇನ್ನೂ ಇಳಿದಿರಲಿಲ್ಲ. ಅವನು ಇಟ್ಟಿದ್ದ ಕಂಪ್ಯೂಟರ್ ಕಲಿಸುವ ಅಂಗಡಿ ಮುಚ್ಚಿ ಹತ್ತು ವರ್ಷವಾಗಿತ್ತು; ಈಗ ರೇಷ್ಮೆಹುಳು ಸಾಕುತ್ತಿದ್ದ. ಏಪ್ರಿಲ್ ಸೆಕೆಯಲ್ಲಿ ಕರೆಂಟು ಹೋದರೆ ಹುಳು ಬೆಂದುಹೋಗುತ್ತವೆ. ಅದಕ್ಕೇ ಚಿಂತಾಮಣಿಯ ಗುಜರಿಯಿಂದ ಹಳೆಯ ಕಂಪ್ಯೂಟರ್ ಡಬ್ಬಗಳನ್ನು ಹೊತ್ತು ತಂದ. ಒಳಗಿನ ಅಂಗೈಯಗಲದ ಫ್ಯಾನುಗಳನ್ನು ಬಿಚ್ಚಿ ಹುಳುಮನೆಯ ಕಿಟಕಿಗೆ ಕೂರಿಸಿ, ಟ್ರಾಕ್ಟರ್ ಬ್ಯಾಟರಿಗೆ ತಂತಿ ಎಳೆದ. ಗಾಳಿ ಬಂತು. ಅವನು ಬೀಗಿದ್ದೇ ಬೀಗಿದ್ದು.

ಬೀಡಿ ಸೇದಿದವರನ್ನೂ ಹುಳುಮನೆಗೆ ಸೇರಿಸುವುದಿಲ್ಲ. ಹುಳು ಅಷ್ಟು ನಾಜೂಕು. ಮೂರನೇ ದಿನ ಅವನ ಹುಳುಗಳೆಲ್ಲ ಹಸಿರು ಕಕ್ಕಿ ಸತ್ತವು. ಇದು ಬೆಳೆಗೆ ಹೊಡೆಯುವ ಔಷಧಿಯ ಸಾವೆಂದು ಊರಿಗೆಲ್ಲ ಗೊತ್ತು. ಪಕ್ಕದ ಹೊಲದಲ್ಲಿ ಟೊಮೇಟೊ ಇಟ್ಟಿದ್ದವಳು ಅವನ ವಿಧವೆ ಅತ್ತಿಗೆ ವೆಂಕಟರತ್ನಮ್ಮ. ಅವಳಿಗಿದ್ದದ್ದು ಅದೊಂದೇ ತುಂಡು ಹೊಲ. ಹಾಲಿನ ಡೇರಿಯ ಮುಂದೆ ಹರಿಕೃಷ್ಣ ಅವಳನ್ನು ತಡೆದು ನಿಲ್ಲಿಸಿದ.

"ಬೇಕಂತ್ಲೇ ಔಷಧಿ ಹೊಡ್ದಿದೀಯ ಕಣೇ! ನನ್ ಹೊಟ್ಟೆ ಮೇಲೆ ಹೊಡ್ದೆ!"

ಊರವರು ತಲೆದೂಗಿ, ಇನ್ನು ಔಷಧಿ ಮುಟ್ಟುವುದಿಲ್ಲವೆಂದು ಅವಳಿಂದ ಆಣೆ ಮಾಡಿಸಿದರು. ಹದಿನೈದೇ ದಿನಕ್ಕೆ ಟೊಮೇಟೊಗೆ ಹುಳ ಬಿದ್ದು ತೋಟವೆಲ್ಲ ಕೊಳೆಯಿತು.

ಆಮೇಲೊಂದು ಮಧ್ಯಾಹ್ನ ಉಳಿದ ಕಂಪ್ಯೂಟರ್ ಡಬ್ಬ ಬಿಚ್ಚುತ್ತಿದ್ದಾಗ ಹರಿಕೃಷ್ಣನ ಮೂಗಿಗೆ ಘಾಟು ಬಡಿಯಿತು. ಧೂಳೊರೆಸಿದರೆ ಡಬ್ಬದ ಮೇಲೆ ಕೀಟನಾಶಕದ ಅಂಗಡಿಯೊಂದರ ಚೀಟಿ; ಡಬ್ಬಗಳೆಲ್ಲ ಅಲ್ಲಿಂದಲೇ ಗುಜರಿಗೆ ಬಂದಿದ್ದವು. ವರ್ಷಗಟ್ಟಲೆ ವಿಷದ ಪುಡಿ ಕುಡಿದ ಫ್ಯಾನುಗಳನ್ನು ಕೈಯಾರೆ ಹುಳುಗಳ ಮುಖಕ್ಕೆ ತಿರುಗಿಸಿದ್ದ. ಹುಳುಮನೆಯ ಗೋಡೆ, ಹುಳು ಸಾಕುವ ತಟ್ಟೆಗಳಿಗೆಲ್ಲ ಬ್ಲೀಚಿಂಗ್ ಹೊಡೆದವನು ಫ್ಯಾನನ್ನು ತೊಳೆದಿರಲಿಲ್ಲ. ಕಂಪ್ಯೂಟರ್ ಸಾಮಾನಿಗೆ ನೀರು ತಾಗಿಸಬಾರದಲ್ಲ, ಮಹಾ ಬುದ್ಧಿವಂತ!

ಬೆವರುತ್ತಾ ಅತ್ತಿಗೆಯ ಮನೆಗೆ ಹೋಗಿ ಎಲ್ಲವನ್ನೂ ಹೇಳಿದ. ಅವಳು ಕೂರು ಎನ್ನಲಿಲ್ಲ.

"ನಂಗೊಬ್ಳಿಗೆ ಹೇಳಿದ್ರೆ ಏನಪ್ಪ ಬಂತು? ಡೇರಿ ಮುಂದೆ ಬೈದೋನು ಡೇರಿ ಮುಂದೇನೇ ಹೇಳು."

"ನಾಳೆ ಹೇಳ್ತೀನಿ ಅತ್ತಿಗೆ."

ಮರುದಿನ ಬೆಳಿಗ್ಗೆ ಡೇರಿಯ ಸಾಲಿನಲ್ಲಿ ಊರೇ ನಿಂತಿತ್ತು. ಹಿರಿಯ ಮುನಿವೆಂಕಟಪ್ಪ ಅವನ ಬೆನ್ನು ತಟ್ಟಿದ. "ಕರೆಂಟಿಲ್ದೇನೂ ತಿರುಗೋ ಫ್ಯಾನು ಮಾಡಿದೀಯಂತೆ! ತಲೆ ಅಂದ್ರೆ ನಿಂದು ಕಣೋ. ನಂಗೂ ಹಾಕ್ಕೊಡಪ್ಪ."

ಎಲ್ಲರೂ ಅವನತ್ತ ತಿರುಗಿದರು. ಹಾಲಿನ ಕ್ಯಾನು ಹಿಡಿದ ವೆಂಕಟರತ್ನಮ್ಮನೂ ಅವನನ್ನೇ ನೋಡುತ್ತಿದ್ದಳು. ಹೇಡಿಯ ನಾಲಿಗೆ ಬಾಯೊಳಗೆ ಒಮ್ಮೆ ಹೊರಳಿತು.

"ಚೆನ್ನಾಗಿ ತೊಳ್ದು ಹಾಕ್ಬೇಕು ಮಾವ," ಎಂದ. ಅಷ್ಟೇ ಎಂದ.

ಅವಳು ಸಾಲಿನಿಂದ ಹೊರಬಂದಳು. ಅಂದಿನಿಂದ ಎರಡು ಮೈಲಿ ನಡೆದು ಪಕ್ಕದ ಊರಿನ ಡೇರಿಗೆ ಹಾಲು ಹಾಕುತ್ತಾಳೆ.