ಸೀಮೆಸುಣ್ಣದ ಗೆರೆಯೊಳಗೆ ಚಪ್ಪಲಿ

ಪುತ್ತೂರಿನ ಹವ್ಯಾಸಿ ರಂಗಭೂಮಿಯ ಕುರಿತು ಯಾರೇ ಬರೆಯಲು ಕುಳಿತರೂ, ಸಭಾಭವನಗಳ ದೀಪದ ಬೆಳಕಿನಲ್ಲಿ ಮೆರೆದವರನ್ನು ಸ್ಮರಿಸಿದ ಬಳಿಕ, ದೀಪವೂ ಪರದೆಯೂ ಇಲ್ಲದೆ ಬಸ್ ನಿಲ್ದಾಣದ ಹಿಂದಿನ ಪೇಟೆಬೀದಿಯಲ್ಲೇ ನಾಟಕ ಕಟ್ಟಿದ ಶ್ರೀ ಬೋಜಪ್ಪ ಮಾಸ್ತರರ ಬಳಿಗೆ ಬರಲೇಬೇಕು. ಪ್ರೌಢಶಾಲೆಯ ಕನ್ನಡ ಅಧ್ಯಾಪಕ ವೃತ್ತಿಯಿಂದ ಅವರು ನಿವೃತ್ತರಾಗುತ್ತಿರುವ ಈ ಹೊತ್ತಿನಲ್ಲಿ, ಗುಣಗಾನ ಬೇಕಾದಷ್ಟು ಬಂದಿದೆ, ನೀವು ಬೀದಿಯ ಕಡೆಯಿಂದ ಬರೆಯಿರಿ ಎಂದು ಈ ಅಭಿನಂದನ ಗ್ರಂಥದ ಸಂಪಾದಕರು ಅಪ್ಪಣೆ ಮಾಡಿದ್ದಾರೆ. ಬೀದಿಯ ಕಡೆಯಿಂದ ಬರೆಯುವುದೆಂದರೆ ಆ ಶನಿವಾರದ ಸಂಜೆಯನ್ನೂ ಬರೆಯಬೇಕಾಗುತ್ತದೆ.

ಕೊಲ್ಲಮೊಗ್ರಿನ ಕೃಷಿಕ ಮನೆತನದಲ್ಲಿ ಹುಟ್ಟಿ, ಮನೆಮಾತಾದ ಅರೆಭಾಷೆಯಲ್ಲಿ ಕನಸು ಕಂಡು, ಕನ್ನಡದಲ್ಲಿ ಪಾಠ ಹೇಳಿದ ಮಾಸ್ತರರು ಪುತ್ತೂರಿಗೆ ಬಂದ ಹೊಸತರಲ್ಲಿ ಶಾಲೆಗೊಂದು ಸಭಾಭವನ ಇರಲಿಲ್ಲ. ಇಲ್ಲದ್ದಕ್ಕೆ ಅತ್ತು ಕೂರುವ ಜಾಯಮಾನ ಅವರದಲ್ಲ. ಕ್ಲಾಸಿನ ಸೀಮೆಸುಣ್ಣವನ್ನು ಜೇಬಿಗೆ ಹಾಕಿಕೊಂಡು ಪೇಟೆಬೀದಿಗೆ ನಡೆದರು, ಡಾಂಬರಿನ ಮೇಲೆ ಒಂದು ವೃತ್ತ ಎಳೆದರು, ಅಂದಿನಿಂದ ಶನಿವಾರದ ಸಂಜೆಗಳಲ್ಲಿ ಆ ವೃತ್ತವೇ ರಂಗವಾಯಿತು. ಅದಕ್ಕೊಂದು ಕಟ್ಟಳೆಯಿತ್ತು: ನಟರು ಚಪ್ಪಲಿಯನ್ನು ಗೆರೆಯ ಹೊರಗೆ ಬಿಟ್ಟು, ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡೇ ಒಳಬರಬೇಕು. "ಚಪ್ಪಲಿ ಒಳಗೆ ಬಂದ್ರೆ ಅದು ರಸ್ತೆ, ಹೊರಗೆ ಉಳಿದ್ರೆ ರಂಗ" ಎನ್ನುತ್ತಿದ್ದರು. ಒಮ್ಮೆ ಉದ್ಘಾಟನೆಗೆ ಬಂದ ಗಣ್ಯರೊಬ್ಬರು ಬೂಟು ಬಿಚ್ಚಲು ಹಿಂಜರಿದಾಗ ಮಾಸ್ತರರು ಅವರನ್ನು ಗೆರೆಯ ಹೊರಗೇ ನಿಲ್ಲಿಸಿ ಭಾಷಣ ಮಾಡಿಸಿದ್ದುಂಟು.

ಬೀದಿ ಅವರನ್ನು ಸುಲಭಕ್ಕೆ ಒಪ್ಪಿಕೊಳ್ಳಲಿಲ್ಲ. ಜ್ಯೂಸ್ ಅಂಗಡಿಯ ಅಬೂಬಕರ್, ಜನ ಅಡ್ಡ ನಿಂತು ತಮ್ಮ ವ್ಯಾಪಾರ ಹಾಳಾಗುತ್ತದೆಂದು ಜಗಳಕ್ಕೇ ಬಂದರು. ಮಾಸ್ತರರು ಮರುವಾದ ಹೂಡದೆ ಮುಂದಿನ ವಾರ ವೃತ್ತವನ್ನು ಅಂಗಡಿಯ ಎದುರಿಗೇ ಎಳೆದರು. ನೋಡುವವರು ಅಂಗಡಿಯ ಜಗಲಿಯಲ್ಲೇ ನಿಲ್ಲಬೇಕಾಯಿತು, ನಿಂತವರಿಗೆ ಬಾಯಾರಿತು. ಅಂದಿನಿಂದ ಅಬೂಬಕರರಷ್ಟು ಜೋರಾಗಿ ಚಪ್ಪಾಳೆ ತಟ್ಟುವ ರಸಿಕ ಬೀದಿಯಲ್ಲಿ ಮತ್ತೊಬ್ಬರಿರಲಿಲ್ಲ. ಎದುರುಗಡೆ ಫಾತಿಮತ್ ಝುಹ್ರಾ ಟೈಲರಿಂಗ್ ಅಂಗಡಿ ತೆರೆದು ಗಿರಾಕಿಗಳಿಲ್ಲದೆ ಕಂಗೆಟ್ಟಿದ್ದ ದಿನಗಳಲ್ಲಿ, ನಾಟಕದ ಉಡುಪುಗಳನ್ನೆಲ್ಲ ಹೊಲಿಯಲು ಕೊಟ್ಟು, ಯಾರು ಹೊಲಿದದ್ದೆಂದು ಆಟದ ಕೊನೆಯಲ್ಲಿ ಸಾರಿ ಹೇಳಿಸಿದವರೂ ಮಾಸ್ತರರೇ.

ಅವರ ಶಿಷ್ಯರಲ್ಲಿ ಹೆಸರಿಸಬೇಕಾದವರು, ಈಗ ಅದೇ ಶಾಲೆಯಲ್ಲಿ ಸಮಾಜ ಪಾಠ ಮಾಡುವ ಉದಯಶಂಕರ. ಬೀದಿಯಲ್ಲಿ ಏನು ನಡೆದರೂ ಅದನ್ನು ನಾಟಕಕ್ಕೆ ಸೇರಿಸಿಕೋ ಎಂಬ ಗುರುವಾಕ್ಯವನ್ನು ಅವರು ಅರೆದು ಕುಡಿದಿದ್ದರು. ನಾಯಿ ನುಗ್ಗಿದರೆ ಅದು ರಾಜನ ಬೇಟೆನಾಯಿ, ಬಸ್ಸು ಹಾರ್ನ್ ಹಾಕಿದರೆ ಅದು ಯುದ್ಧದ ಕಹಳೆ. ಈ ಹೆಗ್ಗಳಿಕೆಯೇ ಕುತ್ತಾದೀತೆಂದು ಯಾರಿಗೆ ಗೊತ್ತಿತ್ತು?

ಕಳೆದ ವರ್ಷ ಮಳೆಗಾಲ ಮುಗಿದ ಹೊಸತು. ವೃತ್ತದಲ್ಲಿ ಉದಯಶಂಕರ ಬಸ್ ಕಂಡಕ್ಟರನ ಪಾತ್ರದಲ್ಲಿ ಜನರನ್ನು ನಗಿಸುತ್ತಿದ್ದರು. ಗೆರೆಯ ಹೊರಗೆ ನಿಂತಿದ್ದ ಮಾಸ್ತರರ ಎದೆಯನ್ನು ಯಾರೋ ಹಿಂಡಿದಂತಾಯಿತು. ಎಡಗೈ ಸೋತಿತು. ಕೂಗಲು ಬಾಯಿ ತೆರೆದರೆ ಸ್ವರ ಬರಲಿಲ್ಲ. ಯಾರನ್ನಾದರೂ ಹಿಡಿದುಕೊಳ್ಳೋಣವೆಂದು ಮುಂದಕ್ಕೆ ತೂರಾಡಿ, ವೃತ್ತದ ನಡುವೆ ದೊಪ್ಪನೆ ಬಿದ್ದರು.

ಬೀದಿ ಚಪ್ಪಾಳೆ ತಟ್ಟಿತು!

ಹೌದು, ತಟ್ಟಿತು. ಎಂದೂ ಪಾತ್ರ ಮಾಡದ ಮಾಸ್ತರರು ಕೊನೆಗೂ ರಂಗಕ್ಕಿಳಿದರೆಂದು ಅಬೂಬಕರರೇ ಮೊದಲು ತಟ್ಟಿದರು, ಸಿಳ್ಳೆಯನ್ನೂ ಹಾಕಿದರು. ಉದಯಶಂಕರ ಬಾಗಿ, "ಎಂತ ಮಾರಾಯ್ರೆ, ಟಿಕೆಟ್ ತೆಗಿಯದೆ ಮಲಗಿದ್ದಾ?" ಎಂದದ್ದೇ ತಡ, ಜನ ಬಿದ್ದು ಬಿದ್ದು ನಕ್ಕರು. ಡಾಂಬರಿಗೆ ಕೆನ್ನೆಯೊತ್ತಿ ಬಿದ್ದಿದ್ದ ಮಾಸ್ತರರಿಗೆ ಆ ನಗು, ಆ ಚಪ್ಪಾಳೆ ಎರಡೂ ಕೇಳಿಸುತ್ತಿದ್ದವು. ಕಣ್ಣೆದುರಿನ ಅಷ್ಟೊಂದು ಕಾಲುಗಳಲ್ಲಿ ಒಂದೂ ಅವರ ಕಡೆಗೆ ಬರಲಿಲ್ಲ.

ಅಷ್ಟರಲ್ಲಿ ಎದುರಂಗಡಿಯ ಮೆಟ್ಟಿಲಿನಿಂದ ಝುಹ್ರಾ ಚೀರಿದರು: "ನಿಲ್ಸಿ! ಮಾಸ್ಟ್ರ ಕಾಲಲ್ಲಿ ಚಪ್ಪಲಿ ಉಂಟು!"

ಚಪ್ಪಲಿ ಗೆರೆಯ ಒಳಗಿತ್ತು, ಅಂದಮೇಲೆ ಇದು ನಾಟಕವಲ್ಲ. ಚಪ್ಪಾಳೆಗೆಂದು ಎತ್ತಿದ ಕೈಗಳು ಎತ್ತಿದಲ್ಲೇ ಉಳಿದವು. ಆಮೇಲೆ ಅಬೂಬಕರ್ ಅಳುತ್ತಲೇ ಅವರನ್ನು ಎತ್ತಿ, ತಮ್ಮ ಗೂಡ್ಸ್ ರಿಕ್ಷಾದಲ್ಲಿ ಹಣ್ಣಿನ ಬುಟ್ಟಿಗಳನ್ನು ರಸ್ತೆಗೆಸೆದು ಮಲಗಿಸಿ, ಆಸ್ಪತ್ರೆಗೆ ಓಡಿಸಿದರು. ಇನ್ನಷ್ಟು ತಡವಾಗಿದ್ದರೆ ಕೈಮೀರುತ್ತಿತ್ತೆಂದು ವೈದ್ಯರು ಹೇಳಿದರು.

ಜೀವ ಉಳಿಯಿತು. ಆದರೆ ಮಾಸ್ತರರಿಗೆ ಬಡಿದ ಆಘಾತ ಎದೆನೋವಿಗಿಂತ ದೊಡ್ಡದು. ಆಸ್ಪತ್ರೆಯ ಹಾಸಿಗೆಯಲ್ಲಿ ಪತ್ನಿ ಶೀಲಾವತಿಯವರಿಗೆ ಅವರು ಹೇಳಿದ್ದು ಒಂದೇ ಮಾತು: "ಬೀದಿಯವರದ್ದು ತಪ್ಪಲ್ಲ. ಬಿದ್ದವನನ್ನು ನಿಂತು ನೋಡ್ಲಿಕ್ಕೆ ಕಲಿಸಿದ್ದು ನಾನೇ ಅಲ್ವಾ?" ಮನೆಗೆ ಮರಳಿದ ಮಾಸ್ತರರು ಇನ್ನು ನಾಟಕವಿಲ್ಲ ಎಂದುಬಿಟ್ಟರು. ವೃತ್ತ ಮಾಸಿತು. ಉದಯಶಂಕರ ಮುಖ ತೋರಿಸಲಾರದೆ ತಲೆ ತಪ್ಪಿಸಿಕೊಂಡರು. ಅಬೂಬಕರ್ ಮಾಸ್ತರರ ಮನೆಗೆ ಹಣ್ಣು ಕಳಿಸುತ್ತಿದ್ದರು, ತಾವು ಮಾತ್ರ ಹೋಗುತ್ತಿರಲಿಲ್ಲ.

ನಿವೃತ್ತಿಯ ದಿನ ಹತ್ತಿರವಾದಾಗ ಬೀದಿಯವರು ಝುಹ್ರಾರನ್ನು ಮುಂದೆ ಮಾಡಿಕೊಂಡು ಮನೆಗೇ ಹೋಗಿ, ಒಂದೇ ಒಂದು ಆಟ ಆಡಿ ಎಂದು ಬೇಡಿಕೊಂಡರು. ಮಾಸ್ತರರು ಒಪ್ಪಿದರು. ಉದಯಶಂಕರರನ್ನು ಕರೆಸಿ, "ನೀನು ನಡುವೆ ಬೀಳ್ಬೇಕು. ಯಾರಾದ್ರೂ ಬರುವವರೆಗೆ ಏಳ್ಬಾರ್ದು. ಅದರ ಮುಂದೆ ಮಾತು ಬರ್ದಿಲ್ಲ ನಾನು" ಎಂದರು.

"ಯಾರೂ ಬರದಿದ್ರೆ, ಸರ್?"

"ಬರದಿದ್ರೆ ಶಾಲೆಯಿಂದ ಮಾತ್ರ ಅಲ್ಲ, ನಾಟಕದಿಂದಲೂ ನನಗೆ ನಿವೃತ್ತಿ."

ಕಳೆದ ಶನಿವಾರ ಹೊಸ ವೃತ್ತ ಎಳೆಯಲಾಯಿತು. ಉದಯಶಂಕರ ಚಪ್ಪಲಿಯನ್ನು ಎಲ್ಲರಿಗೂ ಕಾಣುವಂತೆ ಗೆರೆಯ ಹೊರಗಿಟ್ಟು, ನೆಲ ಮುಟ್ಟಿ ಒಳಹೋದರು. ಆಟದ ನಡುವೆ ಎದೆ ಹಿಡಿದು ಬಿದ್ದರು. ಬರಿಗಾಲು. ಎಲ್ಲರಿಗೂ ಅದು ಕಂಡಿತು. ಯಾರೂ ಅಲ್ಲಾಡಲಿಲ್ಲ. ಗೆರೆಯ ಹೊರಗೆ ನಿಂತಿದ್ದ ಮಾಸ್ತರರ ಕೈಯೊಳಗಿನ ಸೀಮೆಸುಣ್ಣ ಪುಡಿಯಾಗಿತ್ತು.

ಆಗ ಜ್ಯೂಸ್ ಅಂಗಡಿಯಿಂದ ಅಬೂಬಕರ್ ನೀರಿನ ಜಗ್ಗಿನೊಂದಿಗೆ, ಚಪ್ಪಲಿ ಪಟಪಟನೆ ಬಡಿಯುತ್ತ ಗೆರೆಯನ್ನು ತುಳಿದು ಒಳನುಗ್ಗಿದರು. ಹಿಂದೆಯೇ ಕುತ್ತಿಗೆಗೆ ಅಳತೆಪಟ್ಟಿ ಸುತ್ತಿಕೊಂಡಿದ್ದ ಝುಹ್ರಾ, ಅವರ ಹಿಂದೆ ಬೀದಿಗೆ ಬೀದಿಯೇ.

"ನಾಟಕ ಮಾರಾಯ್ರೆ, ನಾಟಕ! ನನ್ನ ಕಾಲು ನೋಡಿ, ಚಪ್ಪಲಿ ಇಲ್ಲ!" ಎಂದು ಉದಯಶಂಕರ ಬಡಬಡಿಸಿದರು.

"ನೋಡಿದ್ದೇನೆ, ನಾಟಕ ಆದ್ರೆ ಆಗ್ಲಿ," ಎಂದರು ಅಬೂಬಕರ್, ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು. "ಮೊದ್ಲು ನೀರು ಕುಡಿ."

ನಾಟಕ ಅಲ್ಲಿಗೇ ಕೆಟ್ಟಿತು. ಅದನ್ನು ಕೆಡಿಸಿದವರನ್ನೆಲ್ಲ ನೋಡುತ್ತ ಮಾಸ್ತರರು ಮಕ್ಕಳಂತೆ ಅತ್ತರು.

ಶ್ರೀ ಬೋಜಪ್ಪ ಮಾಸ್ತರರಿಗೂ ಶೀಲಾವತಿಯಮ್ಮನವರಿಗೂ ದೀರ್ಘಾಯುಷ್ಯವನ್ನೂ ಗಟ್ಟಿ ಎದೆಯನ್ನೂ ಕೋರುವ ಈ ಹೊತ್ತಿನಲ್ಲಿ ಬೀದಿಯ ಕಡೆಯಿಂದ ಒಂದು ವಿಚಾರ ತಿಳಿಸಬೇಕಿದೆ. ಮುಂದಿನ ಶನಿವಾರವೂ ಆಟವುಂಟು. ಗೆರೆ ಎಳೆಯುವವರು ಮಾಸ್ತರರೇ. ಯಾರೇ ಬಿದ್ದರೂ ಗೆರೆಯೊಳಗೆ ಓಡಿಬರಲು ತಾವು ಮಾತ್ರ ಚಪ್ಪಲಿ ಬಿಚ್ಚುತ್ತ ಕೂರುವುದಿಲ್ಲವೆಂದು ಅಬೂಬಕರ್ ಈಗಲೇ ಹೇಳಿಟ್ಟಿದ್ದಾರೆ, ಮಾಸ್ತರರು ಆಗಲಿ ಎಂದಿದ್ದಾರೆ.